ಹೆಚ್ಚಾದ ಒಂದು ಹೆರೆತ

ಮರ ಮಾತಾಡುತ್ತದೆ ಎನ್ನುವವರನ್ನು ಕಂಡರೆ ನನಗಾಗದು. ಪಿಟೀಲಿನ ಕಮಾನು ಮಾಡುವುದು ನನ್ನ ಕೆಲಸ. ಮೂವತ್ತು ವರ್ಷವಾಯಿತು, ಒಂದು ಕೋಲೂ ನನ್ನ ಹತ್ತಿರ ಮಾತಾಡಿಲ್ಲ. ಸಡಿಲ ಮರವಾದರೆ ನಾದ ತೆಳು, ಬಿಗಿ ಮರವಾದರೆ ದುಂಡು. ಮಿಕ್ಕಿದ್ದು ಹೆರೆಯುವ ಕೈಯ ಕೆಲಸ, ಮಾತುಗೀತೆಲ್ಲ ಬುರುಡೆ.

ಪಿಟೀಲು ನುಡಿಸುತ್ತಿದ್ದ ಅಣ್ಣನೊಂದಿಗೆ ಜಗಳವಾದದ್ದೂ ಇದಕ್ಕೇ. ಅವನಿಗೊಂದು ಕಮಾನು ಹೆರೆಯುತ್ತಿದ್ದೆ. "ನಿನ್ನ ಕೈಯಲ್ಲೇನಿದೆ, ಎಲ್ಲಾ ಮರದ ಗುಣ ಕಣೇ" ಅಂದ. ನನಗೋ ಮೂಗಿನ ತುದಿಯಲ್ಲೇ ಕೋಪ. ಉಜ್ಜುಗೊರಡು ಒಂದು ಸಲ ಹೆಚ್ಚಾಗಿ ಓಡಿ, ತುದಿಯಿಂದ ಗೇಣುದ್ದ ಕೆಳಗೆ ಕೋಲು ಸಣ್ಣಗಾಯಿತು. "ಪರವಾಗಿಲ್ಲ, ಹಾಗೇ ಕೊಡು" ಅಂದ. "ತಗೊಂಡು ತೊಲಗು, ಮತ್ತೆ ಈ ಬಾಗಿಲು ತುಳೀಬೇಡ" ಅಂದೆ. ಅವನು ತುಳಿಯಲಿಲ್ಲ.

ಆಮೇಲೆ ನನ್ನ ಜೊತೆಗಿದ್ದ ಅಮ್ಮನಿಗೂ ನನಗೂ ಅವನು ಸಿಕ್ಕಿದ್ದು ರೇಡಿಯೋದಲ್ಲಿ ಮಾತ್ರ. ಕಮಾನು ಆ ಸಣ್ಣ ಜಾಗಕ್ಕೆ ಬಂದಾಗೆಲ್ಲ ಸ್ವರ ಒಮ್ಮೆ ಬಿಕ್ಕುತ್ತಿತ್ತು. ಜನ ಮೆಚ್ಚಿದ್ದು ಅದನ್ನೇ. ಅದು ನನ್ನ ತಪ್ಪೆಂದು ಅವನು ಯಾರಿಗೂ ಹೇಳಲಿಲ್ಲ. ಹೋದ ವರ್ಷ ಬಸ್ಸು ಉರುಳಿ ಅಣ್ಣ ಹೋದ, ಕಮಾನು ಮುರಿಯಿತು. ಪಿಟೀಲು ಮಾತ್ರ ಉಳಿಯಿತು.

ಈಗ ಅಮ್ಮ ಹಾಸಿಗೆ ಹಿಡಿದಿದ್ದಳು. ಕಣ್ಣು ಕಾಣದು, ಊಟ ಸೇರದು. "ಒಂದ್ಸಲ ಅವನ ಪಿಟೀಲು ಕೇಳಿಸ್ರೇ, ನೆಮ್ಮದಿಯಾಗಿ ಹೋಗ್ತೀನಿ" ಅನ್ನುತ್ತಿದ್ದಳು. ಅಣ್ಣನ ಮಗಳು ಅದೇ ಪಿಟೀಲು ತಂದು, ತನ್ನ ಕಮಾನಿನಲ್ಲಿ ನುಡಿಸಿದಳು. "ಇದಲ್ಲ" ಅಂದಳು ಅಮ್ಮ.

ಅಣ್ಣನ ಕಮಾನು ಮಾಡಿದ್ದ ಹಲಗೆಯ ಒಂದೇ ತುಂಡು ನನ್ನ ಬಳಿ ಉಳಿದಿತ್ತು. ಎಳ್ಳಷ್ಟೂ ಕೊರತೆಯಿಲ್ಲದಂತೆ ಕಮಾನು ಮಾಡಿದೆ. ಹುಡುಗಿ ನುಡಿಸಿದಳು, ನಾದ ತುಂಬಿ ಬಂತು. ಪಕ್ಕದ ಕೋಣೆಯಿಂದ ಮತ್ತೆ ಅಮ್ಮನ ದನಿ, "ಇದಲ್ಲ."

ಏನು ಕೊರತೆಯೆಂದು ಆಗ ಹೊಳೆಯಿತು. ಹೆಚ್ಚು ಹೆರೆದರೆ ಕೋಲು ಮುರಿಯುತ್ತದೆ. ಬೇರೆ ಮರವಿಲ್ಲ, ಅಮ್ಮನಿಗೆ ಹೊತ್ತೂ ಇಲ್ಲ.

"ಬೇಡ ಅತ್ತೆ, ಹಾಳಾಗತ್ತೆ" ಅಂದಳು ಹುಡುಗಿ.

"ಸುಮ್ನಿರೇ!" ತುದಿಯಿಂದ ಗೇಣುದ್ದ ಕೆಳಗೆ ಉಜ್ಜುಗೊರಡು ಇಟ್ಟು ಒಂದೇ ಸಲ ಎಳೆದೆ.

ಹುಡುಗಿ ನುಡಿಸಿದಳು. ಸ್ವರ ಬಿಕ್ಕಿತು. ಬೆನ್ನ ಹಿಂದೆ, ಬಾಗಿಲಲ್ಲಿ ಯಾರೋ ನಿಂತಂತಾಯಿತು. ತಿರುಗಿ ನೋಡುವ ಧೈರ್ಯ ಬರಲಿಲ್ಲ.

"ಬಂದ್ಯೇನೋ?" ಒಳಗಿನಿಂದ ಅಮ್ಮ ಕೇಳಿದಳು. "ಇವಳ ಮೇಲಿನ ಸಿಟ್ಟು ಇಳೀತಾ?"

ಓಡಿಹೋಗಿ ಅವಳ ಕೈ ಹಿಡಿದೆ. "ಸಿಟ್ಟು ನಂದಮ್ಮ, ಯಾವತ್ತೋ ಇಳೀತು. ತಪ್ಪೂ ನಂದೇ."

"ನಿನ್ನನ್ನ ಕೇಳಿಲ್ಲ ಕಣೇ. ಬಾಯ್ಮುಚ್ಚು ಸ್ವಲ್ಪ, ಅವನು ಹೇಳ್ತಿದ್ದಾನೆ."

ಹುಡುಗಿ ಕಮಾನನ್ನು ಆಗಲೇ ಮೇಜಿನ ಮೇಲೆ ಇಟ್ಟಿದ್ದಳು. ಅಮ್ಮ ಇನ್ನೂ ತಲೆಯಾಡಿಸುತ್ತ ಕೇಳುತ್ತಿದ್ದಳು.

ಸಂಜೆಯೊಳಗೆ ಅಮ್ಮ ಹೋದಳು. ಮಹಾರಾಯ್ತಿ, ಅವನು ಏನಂದ ಅಂತ ಮಾತ್ರ ಹೇಳಲೇ ಇಲ್ಲ.