ಆಕಾಶ ಒಣಗುವ ತನಕ

ಮೊದಲ ಆಕಾಶವನ್ನು ಅವಳು ಉಜ್ಜಿ ಉಜ್ಜಿ ತೂತು ಮಾಡಿದಳು.

ತಪ್ಪು ಅವಳದಲ್ಲ, ಕಸುಬಿನದು. ಆಸ್ಪತ್ರೆಯ ಲಾಂಡ್ರಿಯಲ್ಲಿ ದುಡಿದು ದುಡಿದು ಅವಳ ಕೈಗೆ ಒಂದೇ ಬುದ್ಧಿ ಉಳಿದಿತ್ತು: ಕಲೆ ಕಂಡರೆ ಉಜ್ಜು. ರಕ್ತವೋ, ಅಯೋಡಿನ್ನೋ, ಯಾರದೋ ವಾಂತಿಯೋ, ಬಿಳಿ ಚಾದರದ ಮೇಲೆ ಕಂಡ ಕೂಡಲೇ ತಣ್ಣೀರು ಹಾಕು, ಉಜ್ಜು. ಕಾಗದದ ಮೇಲೆ ನೀಲಿ ಬಣ್ಣವನ್ನು ಎಳೆಯುತ್ತ ಬಂದು, ನಡುವೆ ಒಂದು ಕಡೆ ನೀರು ನಿಂತು ಹೂಕೋಸಿನ ಹಾಗೆ ಅಂಚು ಬಿಟ್ಟಿತೋ ಇಲ್ಲವೋ, ಅವಳ ಬೆರಳುಗಳು ತಾವಾಗಿಯೇ ಒದ್ದೆ ಬಟ್ಟೆಗೆ ತಡಕಾಡಿದವು. ಚಾದರವಾದರೆ ತಡೆದುಕೊಳ್ಳುತ್ತದೆ. ಕಾಗದ ತಡೆದುಕೊಳ್ಳಲಿಲ್ಲ.

"ಆಕಾಶಕ್ಕೇ ತೂತು ಹಾಕಿದ್ದೀಯಲ್ಲಮ್ಮಾ," ಎಂದು ಮಗಳು ನಕ್ಕಳು. "ನಮ್ಮ ಟೀಚರಿಗೆ ಕೊಡು, ಓಝೋನ್ ಪಾಠಕ್ಕೆ ಆಗತ್ತೆ."

ಲಾಂಡ್ರಿಯಲ್ಲಿ ಅವಳನ್ನು ಎಲ್ಲರೂ ಗಂಜಿ ಎಂದೇ ಕರೆಯುವುದು. ಸೂಪರ್‌ವೈಸರ್ ಎಷ್ಟು ಹಾರಾಡಿದರೂ ಗಂಜಿ ಹಾಕಿದ ಕಾಲರಿನ ಹಾಗೆ ಸೆಟೆದು ನಿಲ್ಲುವವಳು ಅಂತ. ಅಲ್ಲಿ ಸೆಟೆದು ನಿಂತವಳು ಮನೆಗೆ ಬಂದರೆ ಹಿಂಡಿದ ಬಟ್ಟೆ. ಇದನ್ನು ಅವಳು ಯಾರಿಗೂ ಹೇಳಿರಲಿಲ್ಲ.

ಬಣ್ಣದ ಹುಚ್ಚು ಹಿಡಿದದ್ದು ಅಮ್ಮ ತನ್ನ ಕಬ್ಬಿಣದ ಪೆಟ್ಟಿಗೆ ಸಮೇತ ಬಂದು ಇವರ ಜೊತೆ ಇರತೊಡಗಿದ ಮೇಲೆ. ಪೆಟ್ಟಿಗೆಯ ತಳದಲ್ಲಿ, ಹಳೆಯ ಕಂಬಳಿಯ ಕೆಳಗೆ, ಅಜ್ಜಿ ಬಿಡಿಸಿದ ಚಿತ್ರಗಳಿದ್ದವು. ಹೂವಿಲ್ಲ, ದೇವರಿಲ್ಲ. ಮನೆಗಳ ಹಿಂಬದಿ, ನೀರಿನ ಟ್ಯಾಂಕು, ತಂತಿಯ ಮೇಲೆ ಒಣಗುತ್ತಿರುವ ಬಟ್ಟೆ, ಅದರ ಮೇಲೆ ಹಾಳೆಯ ಮುಕ್ಕಾಲು ಪಾಲು ಆಕಾಶ. ಎಂಥ ಆಕಾಶ! ಮೇಲೆ ದಟ್ಟ ನೀಲಿ, ಇಳಿಯುತ್ತ ಇಳಿಯುತ್ತ ತಿಳಿಯಾಗಿ, ಕೊನೆಗೆ ಬರೀ ಕಾಗದದ ಬಿಳಿ. ಎಲ್ಲೂ ಒಂದು ಗೆರೆಯಿಲ್ಲ, ನೀರು ನಿಂತ ಗುರುತಿಲ್ಲ. ದಿನಾ ಇಸ್ತ್ರಿ ಯಂತ್ರದ ಕೆಳಗಿಂದ ಚಾದರ ಎಳೆಯುವ ಕೈಗೆ ಅಷ್ಟು ನುಣುಪಾದ ಒಂದು ವಸ್ತುವನ್ನು ತಾನೂ ಮಾಡಬೇಕೆನಿಸಿತು. ಅಷ್ಟೇ. ದೊಡ್ಡ ಆಸೆಯೇನಲ್ಲ. ಭಾನುವಾರ ಮಧ್ಯಾಹ್ನ ಹಿಂದಿನ ಕೋಣೆಯ ಕಿಟಕಿಯ ಬಳಿ ಒಂದು ಗಂಟೆ.

ಆದರೆ ಆ ಒಂದು ಗಂಟೆ ಮನೆಯವರೆಲ್ಲರ ಪಿತ್ರಾರ್ಜಿತ ಆಸ್ತಿಯಾಗಿತ್ತು.

ನೀರುಬಣ್ಣದ ಆಕಾಶಕ್ಕೆ ಒಂದು ಹಟವಿದೆ. ಶುರು ಮಾಡಿದರೆ ನಿಲ್ಲಿಸುವಂತಿಲ್ಲ. ಹಾಳೆ ಒದ್ದೆಯಿರುವಷ್ಟು ಹೊತ್ತು ಬಣ್ಣವನ್ನು ಇಳಿಸುತ್ತಲೇ ಇರಬೇಕು. ಎದ್ದು ಹೋಗಿ ಬಂದರೆ ಅರ್ಧ ಒಣಗಿ, ಹೊಸ ನೀರು ಹಳೆಯ ಬಣ್ಣವನ್ನು ತಳ್ಳಿ ಕಲೆ ಎದ್ದೇ ಏಳುತ್ತದೆ. ಅವಳು ಕುಂಚ ಅದ್ದಿದ ಗಳಿಗೆಯೇ ಮನೆಗೆ ಅವಳ ನೆನಪಾಗುತ್ತಿತ್ತು.

"ಏನೇ, ನನ್ನ ಬೂದು ಪ್ಯಾಂಟ್ ಎಲ್ಲಿ?" ಇದು ಗಂಡ. ಬಸ್ ಡಿಪೋದಲ್ಲಿ ಟೈಮ್‌ಕೀಪರ್. ಊರಿನ ಬಸ್ಸುಗಳನ್ನೆಲ್ಲ ನಿಮಿಷ ತಪ್ಪದೆ ಬಿಡುವ ಮನುಷ್ಯನಿಗೆ ಒಲೆಯ ಮೇಲಿನ ಹಾಲು ಉಕ್ಕುವ ಹೊತ್ತು ಮಾತ್ರ ಜನ್ಮದಲ್ಲಿ ತಿಳಿದಿರಲಿಲ್ಲ.

"ಒಂದು ಗುಟುಕು ಟೀ ಸಿಗತ್ತೇನೇ ಈ ಮನೇಲಿ?" ಇದು ಅಮ್ಮ.

"ಗ್ಯಾಸಿನವನು ಬಂದಿದ್ದಾನೆ ನೋಡು!" ಗಂಡ ಬಾಗಿಲ ಪಕ್ಕದಲ್ಲೇ ಕೂತಿದ್ದ.

ಹಾಳೆಗಳು ಬೆಳೆದವು, ಕಲೆಗಳೂ ಬೆಳೆದವು. ಅವುಗಳನ್ನು ಅವಳು ಗುರುತು ಹಿಡಿದು ಹೇಳಬಲ್ಲವಳಾಗಿದ್ದಳು. ಎಡಗಡೆಯ ಈ ಹೂಕೋಸು ಬೂದು ಪ್ಯಾಂಟು. ಈ ಅಡ್ಡಗೆರೆ ಅಮ್ಮನ ಟೀ. ಈ ಮೂಲೆಯ ಕೆರೆ ಗ್ಯಾಸ್ ಸಿಲಿಂಡರು. ಅಜ್ಜಿಯ ಆಕಾಶದಲ್ಲಿ ಹಕ್ಕಿ ಹಾರಿದರೆ ಇವಳ ಆಕಾಶದಲ್ಲಿ ಸಂಸಾರವೇ ಹಾರುತ್ತಿತ್ತು.

ಲಾಂಡ್ರಿಯ ದೊಡ್ಡ ಯಂತ್ರಗಳ ಮುಂದೆ ನಿಂತಾಗ ಅವಳ ಹೊಟ್ಟೆ ಉರಿಯುತ್ತಿತ್ತು. ನೀರು ತುಂಬಿ ತಿರುಗಲು ಶುರುವಾಯಿತೆಂದರೆ ಆ ಯಂತ್ರದ ಬಾಗಿಲು ತಾನೇ ಬಿಗಿದುಕೊಳ್ಳುತ್ತದೆ. ಕೆಲಸ ಮುಗಿಯುವವರೆಗೆ ಸೂಪರ್‌ವೈಸರ್ ಬಂದರೂ ತೆರೆಯುವುದಿಲ್ಲ, ಆಸ್ಪತ್ರೆಯ ಯಜಮಾನನೇ ಬಂದರೂ ತೆರೆಯುವುದಿಲ್ಲ. ತಗಡಿನ ಡಬ್ಬಕ್ಕಿರುವ ಮರ್ಯಾದೆ ಇದು. ಅದನ್ನು ಉಜ್ಜಿ ಒರೆಸುವ ಹೆಂಗಸಿಗೆ ಮಾತ್ರ ಯಾರು ಬೇಕಾದರೂ ಯಾವಾಗ ಬೇಕಾದರೂ ಕೈ ಹಾಕಬಹುದು.

ಒಂದು ಭಾನುವಾರ ಗಂಡ ಮತ್ತೆ ಕರೆದ. ಈ ಸಲ ಅವನ ಕನ್ನಡಕ ಅವನ ಹಣೆಯ ಮೇಲೇ ಇತ್ತು. ಅವಳು ಅದನ್ನು ಎಳೆದು ಅವನ ಮೂಗಿನ ಮೇಲೆ ಕೂರಿಸಿ, ವಾಪಸ್ಸು ಬಂದು ನೋಡಿದರೆ ಆಕಾಶದ ತುಂಬ ತೇಪೆ. ಹಾಳೆಯನ್ನು ಮುದುರಿ ಗೋಡೆಗೆಸೆದಳು.

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ," ಅಮ್ಮ ಕೂತಲ್ಲಿಂದಲೇ ರಾಗ ಎಳೆದಳು. "ನಿಮ್ಮಜ್ಜೀನೂ ಬಿಡಿಸ್ತಿದ್ಳಪ್ಪ. ಮನೆ ತುಂಬ ಜನ. ಎಲ್ಲರಿಗೂ ಬಡಿಸಿ, ಪಾತ್ರೆ ತೊಳೆದು, ಸಂಜೆ ಮುಂದೆ ಬ್ರಷ್ ಹಿಡೀತಿದ್ಳು. ಒಂದು ದಿನ ಮುಖ ಸಿಂಡರಿಸಿದ್ದು ನಾ ಕಾಣೆ. ಆ ತಾಳ್ಮೆ ಇದ್ರೆ ಮಾಡ್ಬೇಕು. ಇಲ್ಲಾಂದ್ರೆ ಬಿಡ್ಬೇಕು."

ಅವಳು ಈ ಕತೆಯನ್ನು ಚಿಕ್ಕಂದಿನಿಂದ ಕೇಳಿದ್ದಳು. ಎಲ್ಲರಿಗೂ ಬಡಿಸಿದ ಮೇಲೆ. ಎಲ್ಲ ಮುಗಿದ ಮೇಲೆ. ಮನೆಗಳಲ್ಲಿ ಸತ್ತ ಹೆಂಗಸರನ್ನು ಹೀಗೆ ಹೊಗಳಿ ಬದುಕಿದ ಹೆಂಗಸರ ಬಾಯಿ ಮುಚ್ಚಿಸುತ್ತಾರೆ. ಅದು ಗೊತ್ತಿದ್ದೂ ಅವಳಿಗೆ ನಾಚಿಕೆಯಾಯಿತು. ಬಣ್ಣದ ಟ್ಯೂಬುಗಳನ್ನೆಲ್ಲ ಬಿಸ್ಕತ್ತಿನ ಡಬ್ಬಕ್ಕೆ ಹಾಕಿ ಮಗಳ ಕೈಗೆ ಕೊಟ್ಟಳು. "ತಗೋ. ಮ್ಯಾಪಿಗೆ ಹಚ್ಕೋ. ನನ್ನ ಹಣೇಲಿ ಬರೆದಿಲ್ಲ."

ಅದೇ ವಾರ ದೊಡ್ಡಮ್ಮ ಬಂದಳು. ಅಮ್ಮನ ಅಕ್ಕ, ಅಜ್ಜಿಯ ಹಿರಿಯ ಮಗಳು. ಕಣ್ಣಿನ ಡಾಕ್ಟರಿಗೆ ತೋರಿಸಲು ಬಂದವಳು, ಡಾಕ್ಟರನ್ನು ಬಿಟ್ಟು ಊರಿನಲ್ಲಿ ಎಲ್ಲರನ್ನೂ ಬೈದು ಮುಗಿಸಿದ್ದಳು. ಕೂತು ಕೂತು ಬೇಸರವಾಗಿ ಅಜ್ಜಿಯ ಚಿತ್ರಗಳನ್ನು ತೆಗೆಸಿದಳು. ತಂತಿಯ ಮೇಲೆ ಬಟ್ಟೆಯಿರುವ ಚಿತ್ರ ಬಂದಾಗ ಇವಳು ಅದನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಎಷ್ಟೋ ಸಲ ನೋಡಿದ್ದ ಚಿತ್ರವೇ. ಆದರೆ ಇಷ್ಟು ದಿನ ಆಕಾಶವನ್ನೇ ನೋಡಿದ್ದಳು, ನೆಲವನ್ನು ನೋಡಿರಲಿಲ್ಲ.

"ದೊಡ್ಡಮ್ಮಾ, ಇದು ಸಂಜೆ ಅಲ್ಲ. ಬಟ್ಟೆಯ ನೆರಳು ತಂತಿಯ ನೇರ ಕೆಳಗೇ ಬಿದ್ದಿದೆ ನೋಡಿ. ನಡು ಮಧ್ಯಾಹ್ನ."

"ಮತ್ತೆ? ಮಧ್ಯಾಹ್ನವೇ."

"ಆಕಾಶಾನೂ ಒಂದೇ ಕೈ. ನಡುವೆ ಒಂದು ಸಲಾನೂ ಎದ್ದಿಲ್ಲ. ಊಟದ ಹೊತ್ತಲ್ಲಿ, ಅಷ್ಟು ಜನರ ಮನೇಲಿ. ಆಗ ಅಡುಗೆ ಯಾರು ಮಾಡ್ತಿದ್ರು?"

ದೊಡ್ಡಮ್ಮ ತನ್ನ ಎರಡೂ ಕೈಗಳನ್ನು ಮುಂದೆ ಚಾಚಿದಳು. ಗೆಣ್ಣುಗಳು ಶುಂಠಿಯ ಹಾಗೆ ಊದಿದ್ದವು. "ಇವು."

"ಅಕ್ಕಾ, ಹಳೇದೆಲ್ಲ ಈಗ್ಯಾಕೆ?" ಅಮ್ಮ ಗಡಿಬಿಡಿಯಿಂದ ಎಂದಳು.

"ನಿಂಗೆ ಹಳೇದು ಕಣೇ. ನಂಗೆ ಸೊಂಟದಲ್ಲೇ ಕೂತಿದೆ." ದೊಡ್ಡಮ್ಮ ಇವಳತ್ತ ತಿರುಗಿದಳು. "ನಿಮ್ಮಮ್ಮನಿಗೆ ಆಗ ಮೂಗಲ್ಲಿ ಸಿಂಬಳ, ಅವಳಿಗೇನು ಗೊತ್ತು. ನನ್ನ ಸ್ಕೂಲು ಬಿಡಿಸಿದ್ರು. ದೊಡ್ಡ ಹುಡುಗಿ, ಮನೆ ನೋಡ್ಕೊಳ್ಲಿ ಅಂದ್ರು. ನಿಮ್ಮಜ್ಜಿ ಒಳಗೆ ಬಾಗಿಲು ಹಾಕ್ಕೋತಿದ್ಳು. ನಾನು ಹೊರಗೆ ಒಂದು ಕೈಲಿ ಸೌಟು, ಇನ್ನೊಂದು ಕೈಲಿ ನಿಮ್ಮಮ್ಮನ ಜುಟ್ಟು. ಇವಳು ಬಾಗಿಲು ಬಡೀದ ಹಾಗೆ."

ಅಮ್ಮ ಸೆರಗಿನ ತುದಿಯನ್ನು ಮಡಚಿದಳು, ಬಿಚ್ಚಿದಳು.

"ಅಜ್ಜಿ ಮೇಲೆ ಸಿಟ್ಟು ಬರ್ಲಿಲ್ವಾ ದೊಡ್ಡಮ್ಮಾ?"

"ಬಂತು. ಈಗ್ಲೂ ಇದೆ. ಅಕ್ಷರ ಕೂಡಿಸೋಕೆ ಬರ್ದೆ ಬಸ್ಸಿನ ಬೋರ್ಡ್ ಓದೋಕೆ ಇನ್ನೊಬ್ಬರನ್ನ ಕೇಳೋವಾಗೆಲ್ಲ ಇದೆ." ಅವಳು ಚಿತ್ರವನ್ನು ಕಣ್ಣಿನ ಹತ್ತಿರ ತಂದು, ಮತ್ತೆ ದೂರ ಹಿಡಿದಳು. "ಚೆನ್ನಾಗಿ ಬಿಡಿಸ್ತಿದ್ಳು, ಹಾಳಾದವಳು. ಅಲ್ವೇ ಹುಡುಗೀ, ಅಡುಗೆ ಯಾರು ಮಾಡ್ತಿದ್ರು ಅಂತ ಕೇಳ್ದೆ, ನಂಗೆ ಸಿಟ್ಟು ಬರ್ಲಿಲ್ವಾ ಅಂತ ಕೇಳ್ದೆ. ನಿಮ್ಮ ತಾತ ಎಲ್ಲಿದ್ರು ಅಂತ ಯಾಕೆ ಕೇಳ್ಲಿಲ್ಲ?"

ನಿಜ, ಇವಳಿಗೆ ಕೇಳಬೇಕೆಂದು ಹೊಳೆದಿರಲೇ ಇಲ್ಲ.

"ಹೊರಗೆ ಕುರ್ಚೀಲಿ," ಎಂದಳು ದೊಡ್ಡಮ್ಮ. "ಪೇಪರ್ ಓದ್ತಾ. ಬೆಳಗ್ಗೆ ಓದಿದ್ದೇ ಪೇಪರು."

ಮುಂದಿನ ಭಾನುವಾರ ಗಂಜಿ ಮಗಳ ಹತ್ತಿರ ಬಿಸ್ಕತ್ತಿನ ಡಬ್ಬ ವಾಪಸ್ಸು ಕೇಳಿದಳು. ಅಡುಗೆಮನೆಯಲ್ಲಿ ಒಲೆಯ ಮೇಲೆ ಬೇಳೆ ಬೇಯುತ್ತಿತ್ತು. "ರೀ, ಬೇಳೆ ನೋಡ್ಕೊಳ್ಳಿ," ಎಂದು ಗಂಡನಿಗೆ ಹೇಳಿ, ಹಿಂದಿನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಗಂಡ "ಹ್ಞೂಂ" ಎಂದ. ಅವನ ಹ್ಞೂಂಗಳಿಗೆ ಯಾವ ಡಿಪೋದಲ್ಲೂ ಬೆಲೆಯಿಲ್ಲವೆಂದು ಗೊತ್ತಿದ್ದೂ ಹಾಳೆಯನ್ನು ಒದ್ದೆ ಮಾಡಿದಳು.

ಬಣ್ಣ ಇಳಿಯತೊಡಗಿತು. ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ. ಒಂದು ಗೆರೆಯಿಲ್ಲ. ಇನ್ನಷ್ಟು ನೀರು, ಇನ್ನಷ್ಟು ತಿಳಿ. ಅವಳು ಉಸಿರನ್ನೂ ಲೆಕ್ಕ ಹಾಕಿ ಬಿಡುತ್ತಿದ್ದಳು. ಹಾಳೆಯ ಅರ್ಧ ದಾಟಿತು. ಯಾರೂ ಕರೆಯಲಿಲ್ಲ. ಆಗ ಬಾಗಿಲಾಚೆಯಿಂದ ಅಮ್ಮನ ತಗ್ಗಿದ ದನಿ ಕೇಳಿತು.

"ಪುಟ್ಟೀ, ಏಳು. ಪುಸ್ತಕ ಮುಚ್ಚಿಡು. ನಿಮ್ಮಮ್ಮ ಬಾಗಿಲು ಹಾಕ್ಕೊಂಡಿದ್ದಾಳೆ. ಬೇಳೆ ನೋಡು ಹೋಗು, ಜಾಣೆ."

ಕುರ್ಚಿ ಸರಿದ ಸದ್ದು.

ಸುಮ್ಮನಿದ್ದರೆ ಸಾಕಿತ್ತು. ಬರೀ ಸುಮ್ಮನಿದ್ದರೆ ಆಕಾಶ ತಳದವರೆಗೆ ನುಣುಪಾಗಿ ಇಳಿಯುತ್ತಿತ್ತು, ಅಜ್ಜಿಯದರ ಪಕ್ಕ ಇಡುವಂತಿರುತ್ತಿತ್ತು. ಕುಂಚ ಇನ್ನೊಂದು ಸಾಲು ಎಳೆಯಿತು. ಅಜ್ಜಿಯೂ ಹೀಗೇ ಕೇಳಿಸಿಕೊಂಡಿರಬೇಕು, ಹೀಗೇ ಇನ್ನೊಂದು ಸಾಲು ಎಳೆದಿರಬೇಕು.

ಅವಳು ಎದ್ದು ಬಾಗಿಲು ತೆರೆದಳು. ಕುಂಚದಿಂದ ನೀಲಿ ನೀರು ತೊಟ್ಟಿಕ್ಕುತ್ತಿತ್ತು.

"ಪುಟ್ಟೀ, ಕೂತ್ಕೋ. ಓದು. ಅಮ್ಮಾ, ಈ ಮನೇಲಿ ಇನ್ನೊಂದು ಸಲ ಇವಳನ್ನ ಎಬ್ಬಿಸಿದ್ರೆ ನಿನ್ನ ಪೆಟ್ಟಿಗೆ ಬೀದೀಲಿರತ್ತೆ, ಹೇಳಿದ್ದೀನಿ. ರೀ!"

ಗಂಡ ಮೊಬೈಲಿನಿಂದ ತಲೆಯೆತ್ತಿದ. "ಏನಾಯ್ತೀಗ?"

"ಬೇಳೆ ನೋಡ್ಕೊಳ್ಳಿ ಅಂದಿದ್ದೆ."

"ನೋಡ್ತಿದ್ದೆನಲ್ಲ ಇಲ್ಲಿಂದ."

"ಇಲ್ಲಿಂದ ಬಸ್ ನೋಡಿ. ಬೇಳೇನ ಹತ್ರ ನಿಂತು ನೋಡ್ಬೇಕು. ಏಳಿ."

ಅವನು ಅತ್ತೆಯ ಮುಖ ನೋಡಿದ, ಅತ್ತೆ ಗೋಡೆ ನೋಡಿದಳು. ಮಗಳು ಪುಸ್ತಕದಲ್ಲಿ ಮುಖ ಹುದುಗಿಸಿದ್ದಳು, ಭುಜ ನಗುವಿನಿಂದ ಅಲ್ಲಾಡುತ್ತಿತ್ತು. ಅವನು ಎದ್ದ. ಸ್ವಂತ ಇಚ್ಛೆಯಿಂದಲೇ ಎದ್ದವನ ಹಾಗೆ ಮೈಮುರಿದು ಅಡುಗೆಮನೆಗೆ ನಡೆದ.

ಅವಳು ಒಳಗೆ ಬಂದಳು. ಹಾಳೆಯ ನಡುವೆ ಒಂದು ದೊಡ್ಡ ಹೂಕೋಸು ಅರಳಿ ಕೂತಿತ್ತು. ಕೈ ಬಟ್ಟೆಯತ್ತ ಹೋಯಿತು. ತಡೆದಳು. ಆ ಹಾಳೆಯನ್ನು ಕಿಟಕಿಯ ಕಟ್ಟೆಯ ಮೇಲೆ ಒಣಗಲು ಇಟ್ಟು, ಇನ್ನೊಂದನ್ನು ಎಳೆದುಕೊಂಡು ಒದ್ದೆ ಮಾಡಿದಳು.

"ಉಪ್ಪು ಎಲ್ಲಿದೆ?" ಅಡುಗೆಮನೆಯಿಂದ ಕೂಗು.

ಅವಳು ಮೊದಲ ನೀಲಿಯನ್ನು ಇಳಿಸಿದಳು.

"ಏನೇ! ಉಪ್ಪು ಎಲ್ಲಿ ಅಂದೆ! ಪುಟ್ಟೀ, ಉಪ್ಪು ಎಲ್ಲಿದೆಯೇ?"

"ಹುಡುಕಿ ಅಪ್ಪಾ," ಎಂದಳು ಮಗಳು, ಹಾಳೆ ತಿರುವುತ್ತ.

ಒಂದೊಂದೇ ಡಬ್ಬದ ಮುಚ್ಚಳ ತೆಗೆದು ಹಾಕುವ ಸದ್ದು ಶುರುವಾಯಿತು.