ಸರ್ವರ್‌ಗೆ ಅಂಟಿದ ಮರ್ಯಾದೆ ರೋಗ

ಅವತ್ತು ಸಂಜೆ ದುಮ್ಯಾತ್ ಪಟ್ಟಣದಲ್ಲಿ ನನ್ನ ನಿಶ್ಚಿತಾರ್ಥ. ಮಧ್ಯಾಹ್ನವಾದರೂ ನಾನು ಎರಡು ಗಂಟೆ ದಾರಿಯಾಚೆಯ ತಂತಾ ಊರಿನ ಕಮೋಡು ಕಾರ್ಖಾನೆಯಲ್ಲಿ ಸರ್ವರ್ ಮುಂದೆ ಕೂತು ಕೈ ಕೈ ಹಿಸುಕಿಕೊಳ್ಳುತ್ತಿದ್ದೆ. ನಾನು ನೋಡಿಕೊಳ್ಳುವ ಕಂಪನಿಯ ಇಂಟ್ರಾನೆಟ್ ಕುಂಟುತ್ತಿತ್ತು. ನಮ್ಮಲ್ಲಿ ರಜೆ ಮಂಜೂರಾಗುವುದೂ ಅದರಲ್ಲೇ, ನನ್ನ ಅರ್ಜಿಯ ಪುಟ ಬೆಳಿಗ್ಗೆಯಿಂದ ತೆರೆದುಕೊಳ್ಳುತ್ತಲೇ ಇತ್ತು. ಅದು ಸರಿಹೋಗುವ ತನಕ ನೀನು ಗೇಟು ದಾಟುವಂತಿಲ್ಲ ಎಂದು ನಿರ್ದೇಶಕರು ಬೇರೆ ಅಪ್ಪಣೆ ಕೊಡಿಸಿದ್ದರು.

ನಾನು ಉಂಗುರ ತೊಡಿಸಬೇಕಾದ ಹುಡುಗಿ ರಗ್ದಾ ಫೋನ್ ಮಾಡಿದಳು.

"ವಗೀಹ್, ಹೊರಟ್ಯಾ?"

"ಸರ್ವರ್ ಸ್ಲೋ ಇದೆ ಕಣೇ."

"ಅಪ್ಪ ನಿನ್ ಬಗ್ಗೇನೂ ಅದನ್ನೇ ಹೇಳ್ತಾರೆ. ಸೂರ್ಯ ಮುಳುಗೋದ್ರೊಳಗೆ ಬರ್ಲಿಲ್ಲ ಅಂದ್ರೆ ಉಂಗುರಾನ ನಿನ್ ಸರ್ವರ್‌ಗೇ ತೊಡಿಸ್ಕೊ!"

ಮೆಮೊರಿ, ಡಿಸ್ಕ್, ಕೇಬಲ್ಲು ಎಲ್ಲ ನೆಟ್ಟಗಿದ್ದವು. ಕೊನೆಗೆ ಸರ್ವರನ್ನು ಹಿಂಡುತ್ತಿರುವವರು ಯಾರೆಂದು ನೋಡಿದೆ. ಇಬ್ಬರೇ. ಉಗ್ರಾಣದ ಮುಖ್ಯಸ್ಥ ಉಸ್ತಾದ್ ಬಹ್ಗತ್ (ಉಸ್ತಾದ್ ಅಂದರೆ ನಮ್ಮಲ್ಲಿ ಸಾಹೇಬರು ಎಂದ ಹಾಗೆ) ಮತ್ತು ಲೆಕ್ಕಪತ್ರ ವಿಭಾಗದ ಮುಖ್ಯಸ್ಥೆ ಮೇಡಂ ಇನ್ಶಿರಾಹ್. ಏಸಿ ಎಷ್ಟು ತಂಪಿರಬೇಕೆಂದು ಜಗಳವಾಡಿ ವರ್ಷಗಟ್ಟಲೆ ಮಾತು ಬಿಟ್ಟವರು. ಅವರ ಖಾತೆಗಳು ಮಾತ್ರ ಉಸಿರು ಬಿಡದೆ ಮಾತಾಡುತ್ತಿದ್ದವು.

ಯಾರ ಶುಭಾಶಯಕ್ಕೂ ಉತ್ತರ ತಪ್ಪಬಾರದು, ಉತ್ತರ ಒಂದು ಕೈ ಹೆಚ್ಚೇ ಇರಬೇಕು. ಇದು ನಮ್ಮ ಮನೆಮನೆಯ ರೂಢಿ. ನಿರ್ದೇಶಕರು ಅದನ್ನೇ ಕಂಪನಿಯ ನಿಯಮ ಮಾಡಿ, ವಿಭಾಗದ ಮುಖ್ಯಸ್ಥರಿಗೆಲ್ಲ ತಾನಾಗಿ ಉತ್ತರಿಸುವ ಏರ್ಪಾಡು ಮಾಡಿಸಿದ್ದರು. ಮೊನ್ನೆ ಹಬ್ಬದ ದಿನ ಉಸ್ತಾದರು ಎಲ್ಲರಿಗೂ ಒಟ್ಟಿಗೆ 'ಶುಭ ಮುಂಜಾನೆ' ಕಳಿಸುವಾಗ ಮೇಡಂ ಹೆಸರು ತೆಗೆಯಲು ಮರೆತಿದ್ದರು. ಮೇಡಂ ಖಾತೆ 'ಬೆಳಕಿನ ಮುಂಜಾನೆ' ಎಂದಿತು. ಉಸ್ತಾದರದ್ದು 'ಮಲ್ಲಿಗೆಯ ಮುಂಜಾನೆ' ಎಂದು ಚಿತ್ರವನ್ನೂ ಲಗತ್ತಿಸಿತು. ಮೇಡಂದು 'ಕೆನೆಯಂಥ ಮುಂಜಾನೆ'. ಆಮೇಲೆ ತೋಟ, ಕಾರಂಜಿ, ಕಾರಂಜಿಯ ವಿಡಿಯೋ. ಈಗ ಒಂದೊಂದು ಶುಭಾಶಯವೂ ಮದುವೆಯ ವಿಡಿಯೋದಷ್ಟು ದಪ್ಪವಾಗಿತ್ತು.

ಅವರವರ ಪಾಸ್‌ವರ್ಡ್ ಇಲ್ಲದೆ ಅದು ನಿಲ್ಲುವಂತಿರಲಿಲ್ಲ. ಉಗ್ರಾಣಕ್ಕೆ ಓಡಿದೆ.

"ನಂದನ್ನ ನಿಲ್ಲಿಸ್ಬೇಕಾ?" ಉಸ್ತಾದರು ಕೆಂಡವಾದರು. "ಹೆಣ್ಣುಮಗಳು ಶುಭಾಶಯ ಹೇಳ್ತಿದ್ರೆ ನಾನು ಬಾಯಿಗೆ ಬೀಗ ಹಾಕ್ಕೊಂಡ್ ಕೂರ್ಲಾ? ನಮ್ಮಪ್ಪ ನನ್ನ ಹಾಗೆ ಬೆಳೆಸಿಲ್ಲ ಕಣಯ್ಯಾ."

ಅಲ್ಲಿಂದ ಲೆಕ್ಕಪತ್ರ ವಿಭಾಗಕ್ಕೆ ಓಡಿದೆ. ಮೇಡಂ ಮಲ್ಲಿಗೆಯ ಚಿತ್ರವನ್ನು ಬಹಳ ಹೊತ್ತು ನೋಡಿದರು.

"ಇದು ಅವ್ರು ಕಳ್ಸಿದ್ದಾ?"

"ಅವರಲ್ಲ ಮೇಡಂ, ಯಂತ್ರ."

"ಅವ್ರ ಯಂತ್ರ ತಾನೇ?" ತಲೆವಸ್ತ್ರ ಸರಿಮಾಡಿಕೊಂಡರು. "ಮೊದ್ಲು ಅವ್ರು ನಿಲ್ಲಿಸ್ಲಿ. ಅಲ್ಲ, ಬೇಡ ಬೇಡ, ನನ್ ಶುಭಾಶಯಕ್ಕೆ ಉತ್ತರಾನೇ ಬರ್ಲಿಲ್ಲ ಅಂದ್ರೆ ನನ್ ಮಾನ ಏನಾಗ್ಬೇಕು?"

ನನಗೆ ಅಳು ಬಂತು, ನಿಜವಾಗಿಯೂ. ಕೊನೆಗೆ ಇಬ್ಬರನ್ನೂ ಸರ್ವರ್ ಕೋಣೆಗೆ ಕರೆತಂದು ಅಕ್ಕಪಕ್ಕ ಕೂರಿಸಿ ಪಾಸ್‌ವರ್ಡ್ ಹಾಕಿಸಿದೆ. ನಾನು ಚಪ್ಪಾಳೆ ತಟ್ಟಿದಾಗ ಇಬ್ಬರೂ ಒಟ್ಟಿಗೇ ನಿಲ್ಲಿಸುವ ಗುಂಡಿ ಒತ್ತಬೇಕು, ಯಾರಿಗೂ ಸೋಲಿಲ್ಲ ಎಂದೆ. ಒತ್ತಿದರು. ಇಂಟ್ರಾನೆಟ್ ಎದ್ದು ಓಡಿತು. ನನ್ನ ರಜೆಯೂ ಮಂಜೂರಾಯಿತು.

ಚೀಲ ಹೆಗಲಿಗೇರಿಸಿ ತಿರುಗಿದರೆ, ಇರುವ ಒಂದೇ ಬಾಗಿಲಲ್ಲಿ ಅವರಿಬ್ಬರೂ ನಿಂತಿದ್ದರು.

"ದಯಮಾಡಿ, ನೀವು ಮೊದಲು."

"ಛೇ, ಛೇ, ನೀವು ಹಿರಿಯರು."

"ಹೂವಿನಂಥವರು ಮುಂದೆ ನಡೀಬೇಕು."

"ಹೂವಿಗೆ ನೆರಳು ಕೊಡೋ ಮರ ಮೊದಲು."

ಮುಖದಲ್ಲಿ ಏನು ಕಳೆ! ಹಿರಿಯರನ್ನು ದಾಟಿ ಹೋಗುವುದು ನಮ್ಮಲ್ಲಿಲ್ಲ. ಅವರ ಉಪಚಾರದ ಮಾತು ಕಾರಂಜಿಯ ತನಕ ಬರುವಷ್ಟರಲ್ಲಿ ಹೊರಗೆ ಬಿಸಿಲು ಬಾಡತೊಡಗಿತ್ತು. ಕಿಟಕಿ ಹಾರಿದೆ. ಕೆಳಗೆ ಕಮೋಡುಗಳ ರಾಶಿ ಇತ್ತು, ಪ್ಯಾಂಟು ಹರಿಯಿತು.

ದುಮ್ಯಾತ್ ತಲುಪಿದಾಗ ಸೂರ್ಯ ಇನ್ನೂ ಚೂರು ಉಳಿದಿದ್ದ. ಬಾಗಿಲಲ್ಲಿ ಭಾವೀ ಮಾವ ನಿಂತಿದ್ದರು. ಪಕ್ಕಕ್ಕೆ ಸರಿದು ಕೈ ಚಾಚಿ ಹೇಳಿದರು:

"ದಯಮಾಡಿ, ನೀವು ಮೊದಲು."

'ಛೇ, ನೀವು ಹಿರಿಯರು' ಎಂಬುದು ನಾಲಿಗೆಯ ತುದಿಗೆ ಬಂದಿತ್ತು. ಅವರ ಹಿಂದೆ ಉಂಗುರದ ಡಬ್ಬಿ ಹಿಡಿದ ರಗ್ದಾ ನನ್ನನ್ನು ದುರುಗುಟ್ಟಿ ನೋಡುತ್ತಿದ್ದಳು. ಬಾಯಿ ಮುಚ್ಚಿಕೊಂಡು ಸೀದಾ ಒಳಗೆ ನುಗ್ಗಿದೆ.

ಆ ಮನೆಯಲ್ಲಿ ಇವತ್ತಿಗೂ ನನ್ನನ್ನು ಸಂಸ್ಕಾರವಿಲ್ಲದ ಅಳಿಯ ಎನ್ನುತ್ತಾರೆ. ಉಂಗುರ ಮಾತ್ರ ಸರ್ವರ್ ಪಾಲಾಗಲಿಲ್ಲ.