ಒಂಬತ್ತನೆಯ ಗುಂಡಿ

ನಾನೊಂದು ಮಿಕ್ಸರ್. ಚಟ್ನಿ ರುಬ್ಬುವ ಮಿಕ್ಸರ್ ಅಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಏಕೆಂದರೆ ನಾನು ಹುಬ್ಬಳ್ಳಿಗೆ ಬಂದ ದಿನ ಯಜಮಾನರ ಹೆಂಡತಿ ನೀಲವ್ವ ನನ್ನ ಪೆಟ್ಟಿಗೆ ಬಿಚ್ಚಿ, ಒಳಗೆಲ್ಲ ಕೈಯಾಡಿಸಿ, "ಜಾರ್ ಎಲ್ಲಿ ಅದಾವ್ರೀ?" ಎಂದು ಕೇಳಿದ್ದರು. ಜಾರ್ ಇಲ್ಲವೆಂದು ತಿಳಿದ ಮೇಲೆ ಬಹಳ ದಿನ ನನ್ನತ್ತ ತಿರುಗಿಯೂ ನೋಡಲಿಲ್ಲ.

ನಾನು ದನಿಗಳನ್ನು ಬೆರೆಸುವ ಯಂತ್ರ. ಹಾಡುವವರ ಮೈಕು, ಗಿಟಾರು, ತಬಲಾ, ಎಲ್ಲದರ ವೈರುಗಳೂ ನನ್ನ ಬೆನ್ನಿಗೆ ಬಂದು ಸೇರುತ್ತವೆ. ನನ್ನ ಎದೆಯ ಮೇಲೆ ಹನ್ನೆರಡು ಗುಂಡಿಗಳು ಸಾಲಾಗಿ ನಿಂತಿವೆ. ಒಂದೊಂದು ವೈರಿಗೆ ಒಂದೊಂದು ಗುಂಡಿ. ಅದನ್ನು ಮೇಲಕ್ಕೆ ಸರಿಸಿದರೆ ಆ ದನಿ ಏರುತ್ತದೆ, ಕೆಳಕ್ಕೆ ಎಳೆದರೆ ಇಳಿಯುತ್ತದೆ. ಎಲ್ಲವನ್ನೂ ಹದವಾಗಿ ಕೂಡಿಸಿ ದೊಡ್ಡ ಸ್ಪೀಕರುಗಳಿಗೆ ಕಳಿಸುವುದು ನನ್ನ ಕೆಲಸ. ಹದ ಅನ್ನುವುದು ಮಾತ್ರ ನನ್ನ ಕೈಯಲ್ಲಿಲ್ಲ, ನನ್ನ ಮುಂದೆ ಕುಳಿತವರ ಕೈಯಲ್ಲಿದೆ.

ಹುಟ್ಟಿದ ಕಾರ್ಖಾನೆಯ ನೆನಪು ಹೆಚ್ಚಿಲ್ಲ. ಬೆಸುಗೆಯ ಹೊಗೆ ನೆನಪಿದೆ. ಒಬ್ಬ ಹೆಂಗಸು ನನ್ನ ಗುಂಡಿಗಳನ್ನು ಸರಿಸಿ ನೋಡುತ್ತ, ಪಕ್ಕದವಳ ಮುಂದೆ ತನ್ನ ಅತ್ತೆಯನ್ನು ಬೈಯುತ್ತಿದ್ದಳು. ನಾನು ಕೇಳಿದ ಮೊದಲ ದನಿ ಅದು. ಆಮೇಲೆ ಥರ್ಮಾಕೋಲಿನ ಕತ್ತಲೆ, ಲಾರಿಯ ಕುಲುಕಾಟ. ಕಣ್ಣು ಬಿಟ್ಟಾಗ ಹುಬ್ಬಳ್ಳಿಯ ದುರ್ಗದಬೈಲಿನ ಹತ್ತಿರ 'ಗಾನಗಂಗಾ ಸೌಂಡ್ ಸಿಸ್ಟಮ್' ಎಂಬ ಅಂಗಡಿಯಲ್ಲಿದ್ದೆ.

ಅದರ ಯಜಮಾನರು ಗುರುಸಿದ್ದಪ್ಪ. ಮೀಸೆ ದೊಡ್ಡದು, ಕೈ ಮೃದು. ಮದುವೆ, ಗಣೇಶನ ಹಬ್ಬ, ಸೊಸೈಟಿ ಚುನಾವಣೆ, ಕುಸ್ತಿ, ಎಲ್ಲಕ್ಕೂ ನನ್ನನ್ನು ಹೆಗಲ ಮೇಲೆ ಕೂಸಿನಂತೆ ಹೊತ್ತು ಒಯ್ಯುತ್ತಿದ್ದರು. ಒಂದು ಮದುವೆಯಲ್ಲಿ ಬೀಗರ ಕಡೆಯ ಹಿರಿಯರೊಬ್ಬರು ಶ್ಯಾವಿಗೆ ಪಾಯಸದ ಬಟ್ಟಲು ಹಿಡಿದುಕೊಂಡೇ ನನ್ನ ಬಳಿ ಬಂದರು. "ಸೌಂಡ್ ಇಲ್ರೀ! ಇದನ್ನ ಮ್ಯಾಲ ಮಾಡ್ರೀ!" ಎನ್ನುತ್ತ ಬಟ್ಟಲು ಹಿಡಿದ ಕೈಯಿಂದಲೇ ತೋರಿಸಿದರು. ಪಾಯಸ ನೇರವಾಗಿ ನನ್ನ ಒಂಬತ್ತನೆಯ ಗುಂಡಿಯೊಳಗೆ ಇಳಿಯಿತು.

ಗುರುಸಿದ್ದಪ್ಪ ಒರೆಸಿದರು, ಒಣಗಿಸಿದರು, ಊದಿದರು. ಕೆಲವು ದಿನ ಇರುವೆಗಳು ಬಂದು ಹೋಗುತ್ತಿದ್ದವು. ಕಡೆಗೆ ಗುಂಡಿ ಮೇಲೆ ಕೆಳಗೆ ಸಲೀಸಾಗಿಯೇ ಜಾರತೊಡಗಿತು, ಅದರ ಪಕ್ಕದ ಪುಟ್ಟ ದೀಪವೂ ಉರಿಯಿತು. ದನಿ ಮಾತ್ರ ಹೊರಡಲಿಲ್ಲ. ಇನ್ನೂ ಹನ್ನೊಂದು ಇವೆಯಲ್ಲ ಎಂದು ಅವರು ಅದನ್ನು ಅಷ್ಟಕ್ಕೇ ಬಿಟ್ಟರು.

ವರ್ಷಗಟ್ಟಲೆ ದೊಡ್ಡ ಸ್ಪೀಕರುಗಳ ಮುಂದೆ ಬದುಕಿದ ಗುರುಸಿದ್ದಪ್ಪನವರ ಕಿವಿ ನಿಧಾನವಾಗಿ ಮಂದವಾಯಿತು. ಮೊದಲು ಗೊತ್ತಾದದ್ದು ನನಗೆ. ಎಲ್ಲ ಗುಂಡಿಗಳೂ ದಿನದಿಂದ ದಿನಕ್ಕೆ ಮೇಲೇರುತ್ತಿದ್ದವು. ಊರಿಗೆ ಗೊತ್ತಾದದ್ದು ಒಂದು ಮದುವೆಯ ದಿನ. ನಮ್ಮ ಪುರೋಹಿತರು "ಗಟ್ಟಿಮೇಳ" ಎಂದದ್ದು ಎರಡು ಓಣಿ ಆಚೆ ಇನ್ನೊಂದು ಮದುವೆಗೂ ಕೇಳಿ, ಅಲ್ಲಿಯ ಮದುಮಗ ಗಡಿಬಿಡಿಯಲ್ಲಿ ತಾಳಿ ಕಟ್ಟಿಬಿಟ್ಟ. ಆ ಕಡೆಯವರು ಗುಂಪಾಗಿ ಜಗಳಕ್ಕೆ ಬಂದರು. ಗುರುಸಿದ್ದಪ್ಪನವರು ಅವರು ಹೊಗಳುತ್ತಿದ್ದಾರೆಂದು ತಿಳಿದು ಎಲ್ಲರಿಗೂ ಕೈಮುಗಿದರು.

ಅಂದಿನಿಂದ ನನ್ನ ಮುಂದೆ ಕುಳಿತವಳು ಅವರ ಮಗಳು ಶಾಂಭವಿ. ತಂದೆ ಅವಳ ಹಿಂದೆ ಒಂದು ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂರುತ್ತಿದ್ದರು. ಮಗಳ ಬೆರಳುಗಳನ್ನು ನೋಡುತ್ತಿದ್ದರು. ಕೆಲಸ ಹೋದ ಮನುಷ್ಯ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಒದ್ದಾಡುತ್ತಾನಲ್ಲ, ಹಾಗೆ ಒಮ್ಮೆ ಮೊಣಕಾಲ ಮೇಲೆ, ಒಮ್ಮೆ ಕಂಕುಳಲ್ಲಿ ಇಟ್ಟುಕೊಳ್ಳುತ್ತಿದ್ದರು.

ಶಾಂಭವಿ ಜಾಣೆ. ಸತ್ತ ಗುಂಡಿಗೆ ಅವಳೇ ಮರುಜನ್ಮ ಕೊಟ್ಟಳು. "ಸೌಂಡ್ ಇಲ್ಲ" ಎಂದು ಯಾರಾದರೂ ಅಬ್ಬರಿಸಿಕೊಂಡು ಬಂದರೆ, ಅವರ ಎದುರಿಗೇ ಒಂಬತ್ತನೆಯ ಗುಂಡಿಯನ್ನು ಗಂಭೀರವಾಗಿ ಮೇಲಕ್ಕೆ ಸರಿಸುತ್ತಿದ್ದಳು. "ಈಗ?" ಎಂದು ಕೇಳುತ್ತಿದ್ದಳು. ಅವರು ಕಿವಿಗೊಟ್ಟು ಕೇಳಿ, "ಹಾಂ, ಈಗ ಚಲೋ ಆತು ನೋಡವಾ" ಎಂದು ತೃಪ್ತಿಯಿಂದ ಹೋಗುತ್ತಿದ್ದರು. ನನ್ನ ಹನ್ನೊಂದು ಗುಂಡಿಗಳು ಹಾಡು ಕೇಳಿಸಿದವು. ಜಗಳ ಬಿಡಿಸಿದ್ದು ಈ ಒಂದೇ.

ಆ ದಿನಗಳಲ್ಲಿ ಧಾರವಾಡದಲ್ಲಿ ಒಂದಿಷ್ಟು ಜನ ತಮ್ಮ ಹಾಡುಗಳನ್ನು ತಾವೇ ಕಟ್ಟಿ ಹಾಡುವ ಗೀಳು ಹಚ್ಚಿಕೊಂಡಿದ್ದರು. ಸಿನಿಮಾ ಹಾಡು ಹಾಡಿದರೆ ಜನ ಸೇರುತ್ತಿದ್ದರು, ಆದರೆ ಇವರು ಒಲ್ಲೆ ಎನ್ನುತ್ತಿದ್ದರು. ಭಾನುವಾರ ಒಂದು ಮುಚ್ಚಿದ ಪ್ರೆಸ್ಸಿನ ಶೆಡ್ಡಿನಲ್ಲಿ ಕೂಡುತ್ತಿದ್ದರು. ಹಾಡುವವರೇ ಕೇಳುವವರು. ಒಂದು ತಂಡ ಹಾಡುವಾಗ ಇನ್ನೊಂದು ತಂಡ ಚಪ್ಪಾಳೆ ತಟ್ಟುವುದು, ಆಮೇಲೆ ಜಾಗ ಅದಲುಬದಲು. ಅವರಿಗೆ ಸೌಂಡ್ ಸಿಸ್ಟಮ್ ಬೇಕಾಯಿತು. ಶಾಂಭವಿ ನನ್ನನ್ನು ಸ್ಕೂಟಿಯ ಕಾಲ ಬಳಿ ಇಟ್ಟುಕೊಂಡು ಹೊರಟಳು.

ಅಲ್ಲಿ 'ಉಳ್ಳಾಗಡ್ಡಿ' ಎಂಬ ತಂಡವೊಂದಿತ್ತು. ಹಾಡುವವಳು ಮುಬೀನಾ ನದಾಫ, ಪ್ರಾಥಮಿಕ ಶಾಲೆಯ ಶಿಕ್ಷಕಿ. ಎಲ್ಲರೂ ಅವಳನ್ನು ಅಕ್ಕೋರು ಎನ್ನುತ್ತಿದ್ದರು. ಹಾಡು ಬರೆಯುತ್ತಿದ್ದವಳೂ ಅವಳೇ. ದನಿ ಸಣ್ಣದು, ಆದರೆ ಮಾತು ಒಂದೊಂದೂ ಹುರಿದ ಶೇಂಗಾದಂತೆ ಗರಿಗರಿ. ಗಿಟಾರು ಬಾರಿಸುವವನು ವೀರಭದ್ರ, ವಿಮೆಯ ಏಜೆಂಟ್. ದಿನವಿಡೀ ಜನ ತನ್ನ ಮಾತು ಕೇಳದೆ ಬಾಗಿಲು ಹಾಕಿಕೊಳ್ಳುತ್ತಿದ್ದರಿಂದಲೋ ಏನೋ, ಗಿಟಾರು ಹಿಡಿದರೆ ಸಾಕು, ಸಪ್ತಾಪುರದಿಂದ ಕಲಘಟಗಿಯವರೆಗೆ ಕೇಳಿಸಬೇಕು ಅವನಿಗೆ.

"ಶಾಂಭವಿ, ನಂದು ಕೇಳಸವಲ್ದು."

"ಕೇಳಸಾಕತ್ತೈತಿ ಭದ್ರಣ್ಣಾ. ಅಕ್ಕೋರ ಹಾಡು ಮುಳುಗಿ ಹೊಂಟೈತಿ."

"ಹಾಡು ಎಲ್ಲೂ ಹೋಗಂಗಿಲ್ಲ. ನಂದು ಏರಸು."

ತನ್ನ ವೈರು ಎಲ್ಲಿಗೆ ಹೋಗುತ್ತದೆಂದು ಅವನು ಬಗ್ಗಿ ನೋಡಿಕೊಂಡು ಬರುವ ಸ್ವಭಾವದವನು. ಆದ್ದರಿಂದ ಶಾಂಭವಿ ಅವನ ವೈರಿನ ತುದಿಯನ್ನು ಎರಡು ಕವಲು ಮಾಡಿದಳು. ಒಂದನ್ನು ಎಂಟನೆಯ ಜಾಗಕ್ಕೆ, ಇನ್ನೊಂದನ್ನು ಒಂಬತ್ತನೆಯದಕ್ಕೆ ಸಿಕ್ಕಿಸಿದಳು. "ನಿಮಗ ಎರಡು ಲೈನ್ ಕೊಟ್ಟೇನಿ ನೋಡ್ರಿ. ಬ್ಯಾರೆ ಯಾರಿಗೂ ಇಲ್ಲ" ಎಂದಳು. ನಿಜವಾದ ದನಿ ಎಂಟನೆಯದರಲ್ಲಿ ಹದವಾಗಿ ಹೋಗುತ್ತಿತ್ತು. ಒಂಬತ್ತನೆಯದು ಅವನ ಸಮಾಧಾನಕ್ಕೆ. ವೇದಿಕೆಯಿಂದ ಅವನು ಹೆಬ್ಬೆರಳು ಮೇಲೆ ಮಾಡಿದಾಗಲೆಲ್ಲ ಅವಳು ಅದನ್ನು ತುದಿಗೆ ಏರಿಸುತ್ತಿದ್ದಳು. ಅವನ ಮುಖ ಅರಳುತ್ತಿತ್ತು. ವಿಚಿತ್ರವೆಂದರೆ, ತಾನು ಸಾಕಷ್ಟು ಜೋರಾಗಿದ್ದೇನೆಂಬ ನಂಬಿಕೆ ಬಂದ ಮೇಲೆ ಅವನು ಚೆನ್ನಾಗಿ ಬಾರಿಸತೊಡಗಿದ. ಹೀಗೆ ಒಂದು ವರ್ಷ ಸುಖವಾಗಿ ಕಳೆಯಿತು.

ಆಗ ಉಳ್ಳಾಗಡ್ಡಿ ತಂಡಕ್ಕೆ ಒಂದು ಅವಕಾಶ ಬಂತು. ಧಾರವಾಡದ ಒಂದು ಹಳೆಯ ರಂಗಮಂದಿರ, ಒಂದು ಸಂಜೆ, ಸ್ವಂತ ಹಾಡುಗಳದ್ದೇ ಕಾರ್ಯಕ್ರಮ. ರಂಗಮಂದಿರದ ಕಾರ್ಯದರ್ಶಿಗಳು ಶಾಸ್ತ್ರೀಯ ಸಂಗೀತದ ಭಕ್ತರು. ಬಹಳ ಓಡಾಡಿದ ಮೇಲೆ ಒಪ್ಪಿದ್ದರು. "ಗದ್ದಲ ಆತಂದ್ರ ಸ್ಟೇಜಿನ ಕರೆಂಟ ತಗೀತೇನಿ. ಮತ್ತೊಮ್ಮೆ ಈ ಬಾಗಿಲ ಕಡೆ ಯಾರೂ ಬರಬ್ಯಾಡ್ರಿ" ಎಂದಿದ್ದರು. ಉಳ್ಳಾಗಡ್ಡಿ ತಪ್ಪಿದರೆ ಊರಿನ ಎಲ್ಲ ತಂಡಗಳಿಗೂ ಬಾಗಿಲು ಮುಚ್ಚಿದಂತೆ.

ಕಾರ್ಯಕ್ರಮದ ಹಿಂದಿನ ದಿನ ಮಧ್ಯಾಹ್ನ ಶಾಂಭವಿ ಪೋಸ್ಟರ್ ಹಚ್ಚಲು ಹೋಗಿದ್ದಳು. ಗುರುಸಿದ್ದಪ್ಪನವರು ಅಂಗಡಿಯ ಬಾಗಿಲು ಅರ್ಧ ಮುಚ್ಚಿ, ನನ್ನನ್ನು ಮೇಜಿನ ಮೇಲೆ ಬೋರಲು ಮಲಗಿಸಿ, ಸ್ಕ್ರೂ ಬಿಚ್ಚಿದರು. "ಮಗಳ ದೊಡ್ಡ ಕಾರ್ಯಕ್ರಮ. ಒಂದು ಗುಂಡಿ ಸತ್ತಿದ್ರ ಹೆಂಗ?" ಎಂದು ನನಗೇ ಹೇಳಿದರು. ಹಳೆಯ ಪಾಯಸವನ್ನು ಸೂಜಿಯಿಂದ ಕೆರೆದು ತೆಗೆದರು. ಹೊಸ ಬಿಡಿಭಾಗ ಹಾಕಿ ಬೆಸುಗೆ ಹಚ್ಚಿದರು. ಆಮೇಲೆ ಮೈಕನ್ನು ಒಂಬತ್ತನೆಯದಕ್ಕೆ ಸಿಕ್ಕಿಸಿ, ಒಂದು ಕೈಯಿಂದ ಮೈಕನ್ನು ತಟ್ಟುತ್ತ, ಇನ್ನೊಂದು ಅಂಗೈಯನ್ನು ಸ್ಪೀಕರಿನ ಮೈಗೆ ಒತ್ತಿದರು. ಅದು ಅಂಗೈಯಲ್ಲಿ ಧಡ್ ಧಡ್ ಎಂದಿತು. ಕಿವಿಗೆ ಕೇಳಿಸದ ದನಿ ಕೈಗೆ ಸಿಕ್ಕಿತು. ಅವರು ಅಷ್ಟು ನಕ್ಕದ್ದನ್ನು ನಾನು ಎಷ್ಟೋ ಕಾಲದಿಂದ ನೋಡಿರಲಿಲ್ಲ. ಮಗಳಿಗೆ ಹೇಳಲಿಲ್ಲ. ವೇದಿಕೆಯಲ್ಲೇ ಗೊತ್ತಾಗಲಿ ಎಂದು ಸುಮ್ಮನಾದರು.

ನನಗೆ ಬಾಯಿಲ್ಲ. ಇದ್ದಿದ್ದರೆ ಅಂದು ಕಿರುಚುತ್ತಿದ್ದೆ.

ಮರುದಿನ ಸಂಜೆ ರಂಗಮಂದಿರ ಮುಕ್ಕಾಲು ತುಂಬಿತ್ತು. ಮುಬೀನಾಳ ಶಾಲೆಯ ಹೆಡ್‌ಮಾಸ್ತರು, ವೀರಭದ್ರನ ಹೆಂಡತಿ, ಅವನಿಂದ ವಿಮೆ ಮಾಡಿಸಿದವರು, ಮಾಡಿಸಲು ಒಲ್ಲೆ ಎಂದವರು, ಎಲ್ಲರೂ ಬಂದಿದ್ದರು. ಕಾರ್ಯದರ್ಶಿಗಳು ಸ್ವಿಚ್ ಬೋರ್ಡಿನ ಪಕ್ಕದಲ್ಲೇ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಮೊದಲ ಎರಡು ಹಾಡು ಚೆನ್ನಾಗಿಯೇ ಆದವು. ಮೂರನೆಯದರ ಆರಂಭಕ್ಕೆ ವೀರಭದ್ರ ಎಂದಿನಂತೆ ಹೆಬ್ಬೆರಳು ಎತ್ತಿದ. ಶಾಂಭವಿ ಎಂದಿನಂತೆ ಒಂಬತ್ತನೆಯ ಗುಂಡಿಯನ್ನು ತುದಿಗೆ ಏರಿಸಿದಳು.

ಮುಂದೆ ಆದದ್ದನ್ನು ಸಂಗೀತ ಎನ್ನಲಾರೆ. ಮಾಡಿನಿಂದ ಪಾರಿವಾಳಗಳೆಲ್ಲ ಒಮ್ಮೆಲೇ ಹಾರಿದವು. ಹೆಡ್‌ಮಾಸ್ತರು ಕುರ್ಚಿಯ ಕೆಳಗೆ ಕೂತರು. ಪರದೆ ಎಳೆಯುವವನು ಹೆದರಿ ಹಗ್ಗ ಬಿಟ್ಟ, ಪರದೆ ಅರ್ಧಕ್ಕೆ ಇಳಿದು ತಂಡದ ಡ್ರಮ್ ಬಾರಿಸುವವನನ್ನು ಮುಚ್ಚಿತು. ಎಲ್ಲರಿಗಿಂತ ಹೆಚ್ಚು ಗಾಬರಿಯಾದವನು ವೀರಭದ್ರನೇ. ಜೀವಮಾನದಲ್ಲಿ ಮೊದಲ ಸಲ ತಾನು ಬಯಸಿದಷ್ಟು ಜೋರಾಗಿ ತನ್ನನ್ನೇ ಕೇಳಿಸಿಕೊಂಡಿದ್ದ. ಹಾಗೆ ಬೆಚ್ಚಿದಾಗ ಬೆರಳು ಜಾರಿ, ತಪ್ಪು ಸ್ವರವೊಂದು ಇಡೀ ಧಾರವಾಡಕ್ಕೆ ತಲುಪಿತು.

ಶಾಂಭವಿ ಗುಂಡಿಯನ್ನು ಸರ್ರನೆ ಎಳೆದಳು. ಆದರೆ ಕಾರ್ಯದರ್ಶಿಗಳ ಕೈ ಅದಕ್ಕಿಂತ ಚುರುಕಾಗಿತ್ತು. ಟಪ್. ವೇದಿಕೆಯ ಕರೆಂಟು ಹೋಯಿತು. ನನ್ನ ದೀಪಗಳೆಲ್ಲ ಆರಿದವು.

ಸಭಾಂಗಣದ ದೀಪಗಳು ಮಾತ್ರ ಉರಿಯುತ್ತಿದ್ದವು. ವೀರಭದ್ರ ಸತ್ತ ಗಿಟಾರು ಹಿಡಿದು ಕಂಬದಂತೆ ನಿಂತಿದ್ದ. ಆಗ ಮುಬೀನಾ ಮೈಕು ಬಿಟ್ಟು ಎರಡು ಹೆಜ್ಜೆ ಮುಂದೆ ಬಂದಳು. ದಿನವೂ ಐವತ್ತು ಮಕ್ಕಳನ್ನು ಸುಮ್ಮನಿರಿಸುವವಳು ಅವಳು. ನಿಂತ ಹಾಡನ್ನು ಹಾಗೇ ಎತ್ತಿಕೊಂಡಳು.

"ಮಗ್ಗಲ ಮನಿಯಾಂವ ಮೆಣಸಿನಕಾಯಿ ಕುಟ್ಟತಾನ,
ಕುಟ್ಟತಾನ ಕುಟ್ಟತಾನ, ಹಗಲೆಲ್ಲ ಕುಟ್ಟತಾನ.
ನನ್ನ ಕಣ್ಣಾಗ ನೀರು ಬಂದ್ರ
ತನ್ನ ಕುಟ್ಟೂದಕ್ಕ ಮರುಳಾದ್ಲಂತಾನ."

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಎರಡನೆಯ ನುಡಿಗೆ ಇಡೀ ಸಭೆ ನಕ್ಕಿತು. ಮೂರನೆಯದಕ್ಕೆ ಜನ ಮೊಣಕಾಲ ಮೇಲೆ ತಾಳ ಹಾಕುತ್ತಿದ್ದರು. ವೀರಭದ್ರ ಮಾತ್ರ ನಗಲಿಲ್ಲ. ಬಾಯಿ ತುಸು ತೆರೆದು, ಮಗ್ಗುಲಲ್ಲಿ ನಿಂತವಳನ್ನು ನೋಡುತ್ತಿದ್ದ. ಒಂದು ವರ್ಷದಿಂದ ಆ ಹಾಡಿಗೆ ಬಾರಿಸುತ್ತಿದ್ದ. ಅದರ ಮಾತು ಅಂದು ಮೊದಲ ಸಲ ಅವನ ಕಿವಿಗೆ ಬಿದ್ದಿತ್ತು. ಅವನ ಮುಖ ನಿಧಾನವಾಗಿ ಕೆಂಪಾಯಿತು.

ಹಾಡು ಮುಗಿದಾಗ ಎದ್ದ ಚಪ್ಪಾಳೆಗೆ ಪಾರಿವಾಳಗಳು ಮತ್ತೊಮ್ಮೆ ಹಾರಿದವು. ಕಾರ್ಯದರ್ಶಿಗಳು ಕಣ್ಣೊರೆಸಿಕೊಂಡು, "ಇದು ಸಂಗೀತ. ಮೊದಲಿಂದು ಏನಿತ್ತು?" ಎನ್ನುತ್ತ ತಾವೇ ಎದ್ದು ಸ್ವಿಚ್ ಹಾಕಿದರು. ಯಂತ್ರವಿಲ್ಲದೆ ಗೆದ್ದ ಹಾಡಿನ ಬಗ್ಗೆ ಯಂತ್ರವಾದ ನಾನು ಸಂತೋಷಪಡಬೇಕೋ ಬೇಡವೋ ತಿಳಿಯಲಿಲ್ಲ. ಆದರೆ ಸಂತೋಷವಾಯಿತು.

ಕರೆಂಟು ಬಂದ ಕೂಡಲೇ ವೀರಭದ್ರ ಶಾಂಭವಿಯತ್ತ ನೋಡಿದ. ಅವಳ ಕೈ ತಾನಾಗಿ ನನ್ನತ್ತ ಬಂತು. ಅವನು ಹೆಬ್ಬೆರಳು ಎತ್ತಲಿಲ್ಲ. ತೋರುಬೆರಳಿನಿಂದ ಮುಬೀನಾಳನ್ನು ತೋರಿಸಿ, ಅಂಗೈಯನ್ನು ಮೆಲ್ಲಗೆ ಮೇಲೆತ್ತಿದ. ಆಕೆಯದು ಏರಿಸು ಎಂದು. ನನ್ನ ಮುಂದೆ ಎಷ್ಟೋ ಕಲಾವಿದರು ಕೈಸನ್ನೆ ಮಾಡಿದ್ದಾರೆ. ಇನ್ನೊಬ್ಬರದನ್ನು ಏರಿಸು ಎಂದದ್ದನ್ನು ನಾನು ಕಂಡದ್ದು ಅಂದೇ.

ಕಾರ್ಯಕ್ರಮ ಮುಗಿದ ಮೇಲೆ ಅವನು ನನ್ನ ಬಳಿ ಬಂದು ನಿಂತ.

"ಒಂಬತ್ತನೇದು ಇಷ್ಟು ದಿವಸ ಸತ್ತಿತ್ತು. ಹೌದಲ್ಲವಾ?"

"ಹೌದ್ರಿ ಭದ್ರಣ್ಣಾ" ಎಂದಳು ಶಾಂಭವಿ, ತಲೆ ತಗ್ಗಿಸಿ.

ಅವನು ಮುಬೀನಾಳತ್ತ ತಿರುಗಿದ. "ಅಕ್ಕೋರ, ಆ ಮೆಣಸಿನಕಾಯಿ ಕುಟ್ಟಾಂವ ನಾನ ಏನು?"

"ವರ್ಷಾತು, ನಿಮ್ಮ ಮಗ್ಗಲಕ್ಕ ನಿಂತು ನಿಮಗ ಹೇಳಾಕತ್ತೇನಿ" ಎಂದಳು ಅವಳು. "ಇವತ್ತರ ಕೇಳಿಸ್ತಲ್ಲ, ಸಾಕು."

ಅವನ ಹೆಂಡತಿ ಹಿಂದಿನಿಂದ, "ಹಾಡು ಬರಕೊಡ್ರಿ ಅಕ್ಕೋರ, ಮನ್ಯಾಗ ಹಾಡತೇನಿ" ಎಂದಳು. ಆಗ ವೀರಭದ್ರನಿಗೂ ನಗು ತಡೆಯಲಾಗಲಿಲ್ಲ.

ಅಷ್ಟರಲ್ಲಿ ಅಂಗಡಿ ಮುಚ್ಚಿಕೊಂಡು ಹುಬ್ಬಳ್ಳಿಯಿಂದ ಗುರುಸಿದ್ದಪ್ಪನವರು ಬಂದರು. ಅವರಿಗೆ ಗದ್ದಲದ ವಿಚಾರ ಒಂದೂ ತಿಳಿದಿರಲಿಲ್ಲ. ಮೀಸೆಯೊಳಗೇ ನಗುತ್ತ, "ಒಂಬತ್ತನೇದು ನಾನ ರಿಪೇರಿ ಮಾಡಿದ್ನಿ ಯವ್ವಾ. ನಡೀತೇನು?" ಎಂದರು.

ಶಾಂಭವಿ ಅವರನ್ನು ನೋಡಿದಳು. ಅವಳ ಮುಖದಲ್ಲಿ ಸಿಟ್ಟು ಬರುವ ದಾರಿಯಲ್ಲೇ ಎಲ್ಲೋ ಕರಗಿತು. ತಂದೆಯ ಕಿವಿಯ ಹತ್ತಿರ ಬಾಯಿಟ್ಟು ಕೂಗಿದಳು: "ಭಾಳ ಚಲೋ ನಡೀತಪ್ಪಾ! ಊರಿಗೆಲ್ಲ ಕೇಳ್ತು!"

ಮುಂದಿನ ವಾರದಿಂದ ಗುರುಸಿದ್ದಪ್ಪನವರ ಪ್ಲಾಸ್ಟಿಕ್ ಕುರ್ಚಿ ಖಾಲಿ ಉಳಿಯಿತು. ಊರಿನ ತಂಡಗಳ ಕೆಟ್ಟ ಮೈಕು, ಹರಿದ ವೈರು, ಸುಟ್ಟ ಆಂಪ್ಲಿಫೈಯರ್ ಎಲ್ಲ ಅವರ ಮೇಜಿಗೆ ಬರತೊಡಗಿದವು. ಕೈಗೆ ಕೆಲಸ ಸಿಕ್ಕಿತು. ರಂಗಮಂದಿರದಲ್ಲಿ ಸ್ವಂತ ಹಾಡುಗಳ ಸಂಜೆ ಈಗಲೂ ನಡೆಯುತ್ತದೆ.

ನನಗೆ ವಯಸ್ಸಾಯಿತು. ಗುಂಡಿ ಸರಿಸಿದರೆ ಕರಕರ ಎನ್ನುತ್ತೇನೆ. ಶಾಂಭವಿ ಹೊಸ ಯಂತ್ರವೊಂದನ್ನು ತಂದಿದ್ದಾಳೆ. ಅದಕ್ಕೆ ಗುಂಡಿಗಳೇ ಇಲ್ಲ, ಗಾಜಿನ ಮೇಲೆ ಬೆರಳಾಡಿಸಿದರೆ ಸಾಕು. ನನ್ನನ್ನು ಗುಜರಿಗೆ ಹಾಕುತ್ತಾಳೆಂದು ಕೊಂಚ ದಿನ ಹೆದರಿದ್ದೆ. ಹಾಕಲಿಲ್ಲ. ಅಂಗಡಿಯ ಹಿಂದಿನ ಕೋಣೆಯಲ್ಲಿ ಕಿಟಕಿಯ ಬಳಿ ಇಟ್ಟಿದ್ದಾಳೆ. ಈ ಕೆಲಸ ಕಲಿಯಲು ಬರುವ ಹುಡುಗಿಯರಿಗೆ ಮೊದಲ ಪಾಠ ನನ್ನ ಮೇಲೆಯೇ. ತಪ್ಪು ಮಾಡಿದರೆ ಬೆರಳಿಗೆ ತಿಳಿಯಬೇಕಂತೆ.

ಮೊನ್ನೆ ಕುಂದಗೋಳದಿಂದ ಒಬ್ಬಳು ಬಂದಿದ್ದಳು. ಹೆಡ್‌ಫೋನ್ ಹಾಕಿಕೊಂಡು ಮೈಕಿನಲ್ಲಿ ತನ್ನ ಹೆಸರು ಹೇಳಿದಳು. ಹೇಳಿ ಬೆಚ್ಚಿಬಿದ್ದಳು.

"ಅಯ್ಯ, ನನ್ನ ದನಿ ಹಿಂಗ ಐತೇನ್ರಿ ಅಕ್ಕಾ?"

"ಹೂಂ" ಎಂದಳು ಶಾಂಭವಿ. "ಚಲೋ ಐತಿ. ಇನ್ನೊಮ್ಮೆ ಹೇಳು."

ಹುಡುಗಿ ಗಂಟಲು ಸರಿಮಾಡಿಕೊಂಡು, ಈ ಸಲ ತುಸು ಗಟ್ಟಿಯಾಗಿ ಹೇಳಿದಳು. ಆ ದನಿ ನನ್ನ ಹಳೆಯ ಎದೆಯನ್ನು ದಾಟಿಕೊಂಡು ಹೋಯಿತು. ಕರಕರ ಎನ್ನದೆ ದಾಟಿಸಿದೆ.